ಅಳೆದು ಕೊಡುವ ನೀರು

॥ ಶ್ರೀ ॥

ಹೊಸಪೇಟೆ
29-7-2007

ಚಿ. ಸೌ. ಅರ್ಚಿತಾಳಿಗೆ ಕೃಷ್ಣಾಬಾಯಿ ಅತ್ತೆ ಮಾಡುವ ಆಶೀರ್ವಾದಗಳು.

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. "ಈಗ ನೆನಪಾತೇನು ಮುದುಕಿಗೆ" ಅಂತ ಬೈದರೆ ಬೈಸಿಕೊಳ್ಳುತ್ತೇನೆ. ನಿನ್ನ ತಾಯಿ ತೀರಿಕೊಂಡಾಗ ನಾಲ್ಕು ವರ್ಷದ ನಿನ್ನನ್ನು ಮಡಿಲಿಗೆ ಹಾಕಿಕೊಂಡವಳು ನಾನು. ನೀನು ರಿಜಿಸ್ಟರ್ ಮದುವೆ ಮಾಡಿಕೊಂಡು ಈಶ್ವರನ ಜೊತೆ ಬಾಗಿಲಲ್ಲಿ ನಿಂತಾಗ ಒಳಗೆ ಬಾಯಿಗೆ ಸೆರಗು ತುರುಕಿಕೊಂಡು ಕೂತವಳೂ ನಾನೇ. "ನನಗ ಮಗಳಿಲ್ಲ. ಇದ್ದಾಕಿಗೆ ಎಳ್ಳುನೀರು ಬಿಟ್ಟೀನಿ" ಅಂತ ನಿಮ್ಮಪ್ಪ ಆವತ್ತು ಅಂದದ್ದು ಇನ್ನೂ ಕಿವಿಯಲ್ಲಿದೆ. ಬೇರೆ ಯಾವ ಮಾತೂ ಈಗ ಈ ಕಿವಿಗೆ ನೆಟ್ಟಗೆ ಬೀಳುವುದಿಲ್ಲ. ಫೋನು ಹಿಡಿದರೆ ಗುಂಯ್ ಅನ್ನುತ್ತದೆ. ಅದಕ್ಕೇ ಕಾಗದ.

ನಿಮ್ಮಪ್ಪನಿಗೆ ಮೈ ಸರಿಯಿಲ್ಲ. ಸಂಡೂರಿನ ಗಣಿ ಕಂಪನಿಯ ಲ್ಯಾಬಿಗೆ ಈಗಲೂ ದಿನಾ ಹೋಗಿಬರುತ್ತಾನೆ. ಊರೆಲ್ಲ ಲಾರಿಮಯವಾಗಿದೆ. ಮೊದಲು ಒಂದು ತಾಸಿನ ದಾರಿ, ಈಗ ಮೂರು ತಾಸಾದರೂ ಮನೆ ಮುಟ್ಟುವುದಿಲ್ಲ. ಅವನ ಅಂಗಿ ಒಗೆದರೆ ಬಚ್ಚಲೆಲ್ಲ ಕುಂಕುಮ ಕದಡಿದ ಹಾಗೆ ಕೆಂಪು. ಕೆಮ್ಮು, ತಲೆನೋವು, ಅನ್ನ ಕಂಡರೆ ಓಕರಿಕೆ. ನೀರು ಮಾತ್ರ ಕುಡಿದದ್ದೇ ಕುಡಿದದ್ದು. ಅಲ್ಲಿ ಎಲ್ಲರೂ ಹಾಗೇ ಅಂತೆ, ಅದಿರಿನ ಧೂಳು ಎದೆಯಲ್ಲಿ ಕೂಡಬಾರದೆಂದರೆ ತಾಸಿಗೊಂದು ತಂಬಿಗೆ ನೀರು ಕುಡಿಯಬೇಕಂತೆ.

ಈಗ ನನ್ನ ವಿಷಯ. ಚಾತುರ್ಮಾಸ್ಯ ಶುರುವಾದ ಮರುದಿನ ಹಂಪಿಗೆ ಹೋಗಿ ಯಂತ್ರೋದ್ಧಾರಕ ಪ್ರಾಣದೇವರ ಎದುರು ಹರಕೆ ಹೊತ್ತು ಬಂದೆ. ನಲವತ್ತೆಂಟು ದಿನ ಅಲವಣ, ಅಂದರೆ ಅಡಿಗೆಗೆ ಒಂದು ಹರಳು ಉಪ್ಪು ಬೀಳುವುದಿಲ್ಲ. ಬೇಡಿಕೊಂಡದ್ದು ಒಂದೇ. ನನ್ನ ತಮ್ಮ ಗೋಪಿಯ ಸಿಟ್ಟು ಇಳಿಯಲಿ, ಮಗಳನ್ನು ಮನೆಗೆ ಕರೆಯಲಿ. ಅವನಿಗೆ ಮಾತ್ರ, ಅವನದೇ ಆರೋಗ್ಯಕ್ಕೆ ಅಂತ ಅರ್ಧ ಸುಳ್ಳು ಹೇಳಿದೆ. "ಇಬ್ಬರಿಗೆ ಎರಡು ಅಡಿಗಿ ಯಾಕ ಮಾಡ್ತಿ ಅಕ್ಕ? ನನಗೂ ಅದನ್ನ ಬಡಸು, ಬಿ.ಪಿ.ಗೂ ಚಲೋ" ಅಂದ. ಸಪ್ಪೆ ಸಾರು ಕಲಸಿಕೊಂಡು ಸದ್ದಿಲ್ಲದೆ ಉಣ್ಣುತ್ತಾನೆ. ಪಾಪ ಅನ್ನಿಸುತ್ತದೆ.

ನಿನ್ನ ಉತ್ತರವನ್ನು ಹೂವಿನ ನಿಂಗಕ್ಕನ ಮನೆ ವಿಳಾಸಕ್ಕೆ ಹಾಕು. ಬೆಳಿಗ್ಗೆ ಹೂವಿನ ಜೊತೆ ತಂದುಕೊಡುತ್ತಾಳೆ. ಕೂಸಿನ ಹೆಸರೇನು ಅಂತಾದರೂ ಬರೆ.

ಇತಿ ನಿನ್ನ
ಕೃಷ್ಣಾಬಾಯಿ ಅತ್ತೆ

*

ಕಂಪ್ಲಿ
6-8-2007

ಅತ್ತೆಯ ಚರಣಗಳಿಗೆ ಅರ್ಚಿಯ ನಮಸ್ಕಾರ.

ಕೂಸಿನ ಹೆಸರು ತ್ರಿವೇಣಿ. ಬರುವ ವಾರಕ್ಕೆ ವರ್ಷ ತುಂಬುತ್ತದೆ. ಈಶ್ವರ್ ಅವರ ಮನೆಯವರ ಅಕ್ಕಿ ಗಿರಣಿಯ ಹಿಂದೆಯೇ ನಮ್ಮ ಮನೆ. ಬೆಳಿಗ್ಗೆ ಗಿರಣಿ ಶುರುವಾದರೆ ಮಾತ್ರ ಕೂಸಿಗೆ ನಿದ್ದೆ, ನಿಲ್ಲಿಸಿದರೆ ಎಚ್ಚರ. ನಾನು ಇಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತೇನೆ. ನಿನ್ನನ್ನು ಬೈಯಬೇಕೆಂದು ಪೆನ್ನು ಹಿಡಿದೆ, ಆದರೆ ನಿನ್ನ ಅಕ್ಷರ ನೋಡಿ ಎಲ್ಲಾ ಮರೆತುಹೋಯಿತು.

ಉಪ್ಪು ಬಿಟ್ಟರೆ ಸಿಟ್ಟು ಇಳಿಯುವುದಾಗಿದ್ದರೆ ನಮ್ಮ ಹೆಡ್‌ಮಾಸ್ತರರಿಗೆ ನಾನೇ ದಿನಾ ಡಬ್ಬಿ ಕಟ್ಟಿಕೊಂಡು ಹೋಗುತ್ತಿದ್ದೆ. ಅಪ್ಪನ ಸಿಟ್ಟು ನಾಲಿಗೆಯ ಮೇಲಿನದಲ್ಲ ಅತ್ತೆ, ಎಲುಬಿನೊಳಗಿನದು. ನೆನಪಿದೆಯಾ, ನಾನು ಎಂಟನೆಯ ಕ್ಲಾಸಿನಲ್ಲಿದ್ದಾಗ ಮ್ಯಾನೇಜರು ಅದಿರಿನ ಕಬ್ಬಿಣದ ಅಂಶ ಅರವತ್ತೆರಡು ಇದ್ದದ್ದನ್ನು ಅರವತ್ಮೂರು ಬರೆ ಅಂದಿದ್ದ. ಬರೆಯದಿದ್ದಕ್ಕೆ ಅಪ್ಪನನ್ನು ಮೂರು ತಿಂಗಳು ಬಿಸಿಲಲ್ಲಿ ಸ್ಟಾಕ್‌ಯಾರ್ಡಿಗೆ ನಿಲ್ಲಿಸಿದರು. ಮುಖ ಸುಟ್ಟ ಬದನೆಕಾಯಿಯಾಗಿತ್ತು. "ಇದ್ದದ್ದು ಇದ್ದಂಗ ಬರೀಬೇಕು" ಅಂತ ಅಷ್ಟೇ ಅಂದರು. ಅಂಥವರು ನನಗೆ ಮಗಳಿಲ್ಲ ಅಂದಮೇಲೆ, ಅದನ್ನೂ ತಿದ್ದುವುದಿಲ್ಲ.

ನನ್ನ ಸಲುವಾಗಿ ನೀನು ಸಪ್ಪೆ ಉಣ್ಣಬೇಡ. ಆದರೂ ಸುಳ್ಳು ಹೇಳಲಾರೆ. ಅವರು ಒಂದು ಸಲ ಕರೆದರೆ ಕಾಲಲ್ಲಿ ಚಪ್ಪಲಿ ಇಲ್ಲದಿದ್ದರೂ ಓಡಿ ಬರುತ್ತೇನೆ. ಮದುವೆಯಾದ ಮೇಲೆ ನನಗೆ ಯಾವುದಕ್ಕೂ ಕಡಿಮೆಯಿಲ್ಲ. ಅಪ್ಪ ಒಬ್ಬರೇ ಕಡಿಮೆ.

ನಿನ್ನ
ಅರ್ಚಿ

*

॥ ಶ್ರೀ ॥

ಹೊಸಪೇಟೆ
1-9-2007

ಚಿ. ಸೌ. ಅರ್ಚಿತಾಳಿಗೆ ಆಶೀರ್ವಾದಗಳು.

ಹೆಡ್‌ಮಾಸ್ತರರ ಡಬ್ಬಿಯನ್ನು ಆಮೇಲೆ ಕಟ್ಟುವಿಯಂತೆ, ಮೊದಲು ಇದನ್ನು ಓದು. ಪ್ರಾಣದೇವರು ಕಣ್ಣು ಬಿಟ್ಟ!

ನಿನ್ನೆ ರಾಯರ ಆರಾಧನೆ ಮುಗಿಯಿತು. ಸಂಜೆ ನಿಮ್ಮಪ್ಪ ಕಟ್ಟೆಯ ಮೇಲೆ ಕೂತಿದ್ದವನು ಒಳಗೆ ಬಂದು, "ಅಕ್ಕ, ಅರ್ಚಿ ಇನ್ನಾ ಬಂದಿಲ್ಲೇನು? ಕಾಲೇಜು ಬಿಟ್ಟು ಭಾಳ ಹೊತ್ತಾತು" ಅಂದ. ನನ್ನ ಕೈಯಲ್ಲಿದ್ದ ತಟ್ಟೆ ಬಿತ್ತು. ಎರಡು ವರ್ಷದಿಂದ ಈ ಮನೆಯಲ್ಲಿ ನಿನ್ನ ಹೆಸರು ಎತ್ತಿದವರಿಲ್ಲ. "ಬರ್ತಾಳಪ್ಪ" ಅಂದೆ. "ಮಳಿ ಬರೂಹಂಗದ, ಛತ್ರಿ ಒಯ್ದಾಳೋ ಇಲ್ಲೋ" ಅಂತ ಬಾಗಿಲಿಗೆ ಹೋಗಿ ನಿಂತ. ಅವನ ಮುಖದಲ್ಲಿ ಒಂದು ಚೂರೂ ಸಿಟ್ಟಿರಲಿಲ್ಲ ಕೂಸೇ. ನಿನ್ನ ಸ್ಕೂಲಿನ ದಿನಗಳ ಗೋಪಿಯೇ ಎದುರಿಗೆ ನಿಂತ ಹಾಗಿತ್ತು.

ಕಾಲೇಜು ಅಂದದ್ದು ಬಾಯಿತಪ್ಪಿರಬೇಕು. ಈಚೆಗೆ ಸ್ವಲ್ಪ ಮರೆವು ಜಾಸ್ತಿ. ಮೊನ್ನೆ ಚಪ್ಪಲಿ ಹಾಕಿಕೊಂಡೇ ದೇವರ ಮನೆಗೆ ಬಂದ. ನಡೆಯುವಾಗ ಗೋಡೆ ಹಿಡಿಯುತ್ತಾನೆ. ಎರಡು ವಾರದಿಂದ ರಜೆ ಹಾಕಿಸಿದ್ದೇನೆ. ವಯಸ್ಸು ಐವತ್ತೇಳಾಯಿತು, ಆಗುತ್ತದೆ.

ವ್ರತಕ್ಕೆ ಇನ್ನೂ ಹನ್ನೆರಡು ದಿನ ಉಳಿದಿದೆ, ಆಗಲೇ ಫಲ ಸಿಕ್ಕಿತು. ನಂಬದವಳು ನೀನು, ಬಂದು ನೋಡು. ಮುಂದಿನ ಭಾನುವಾರ ಬಾ. ಈಶ್ವರನನ್ನೂ ಕೂಸನ್ನೂ ಕರೆದುಕೊಂಡು ಬಾ.

ಇತಿ ನಿನ್ನ
ಕೃಷ್ಣಾಬಾಯಿ ಅತ್ತೆ

*

ಕಂಪ್ಲಿ
10-9-2007

ಅತ್ತೆಗೆ ನಮಸ್ಕಾರ.

ನಿನ್ನೆ ಅಪ್ಪನ ಎದುರು ನಿನ್ನ ಕಿವಿಗೆ ಕೇಳಿಸುವಷ್ಟು ಜೋರಾಗಿ ಈ ಮಾತು ಹೇಳಲಾಗಲಿಲ್ಲ. ಅದಕ್ಕೆ ಬಂದ ಮರುದಿನವೇ ಬರೆಯುತ್ತಿದ್ದೇನೆ.

ಬಾಗಿಲು ತೆಗೆದ ಕೂಡಲೇ ಅಪ್ಪ, "ಬಂದೇನು? ಕೈಕಾಲು ತೊಳಕೋ, ಉಣ್ಣೂಣು" ಅಂದರಲ್ಲ, ನನ್ನ ಎದೆ ಒಡೆದೇ ಹೋಯಿತು. ಪಕ್ಕದಲ್ಲಿ ಕೂಡಿಸಿಕೊಂಡರು. ನಿನ್ನ ಸಪ್ಪೆ ಅನ್ನವನ್ನೇ ಕಲಸಿ ನನಗೆ ತುತ್ತು ಕೊಟ್ಟರು. "ನಾಡದು ಪ್ರಾಕ್ಟಿಕಲ್ ಅಲ್ಲೇನು? ಬ್ಯುರೆಟ್ ನೋಡುವಾಗ ಕಣ್ಣು ಗೆರಿ ಮಟ್ಟಕ್ಕ ಇರಬೇಕು. ಮ್ಯಾಲಿಂದ ನೋಡಿದರ ತಪ್ಪತದ" ಅಂದರು. ನಾನು ಹೂಂ ಹೂಂ ಅನ್ನುತ್ತಾ ಉಂಡೆ. ಎರಡು ತಾಸು ನಾನು ಅವರ ಮಗಳಾಗಿದ್ದೆ. ನೀನು ಮೂಲೆಯಲ್ಲಿ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದೆ.

ಆದರೆ ಅತ್ತೆ, ನೀನು ಒಳಗೆ ಹೋದಾಗ ತ್ರಿವೇಣಿಯನ್ನು ನೋಡಿ, "ಯಾರ ಕೂಸಿದು? ಚಂದ ಅದ" ಅಂದರು. ಈಶ್ವರ್ ಅವರನ್ನು ಕಂಪನಿ ಜೀಪಿನ ಡ್ರೈವರ್ ಅಂದುಕೊಂಡು, "ಕೂಡಪಾ, ಇನ್ನಾ ಹೊತ್ತದ" ಅಂದರು. ಇವರು "ಆತು ಸರ್" ಅಂತ ಕಟ್ಟೆಯ ಮೇಲೆಯೇ ಕೂತರು. ಇದು ಯಾವ ತಿಂಗಳು ಅಪ್ಪ ಅಂತ ಕೇಳಿದೆ. ಫೆಬ್ರವರಿ ಅಂದರು. ಒಂದು ಪಾಯಿಂಟ್ ಹೆಚ್ಚು ಬರೆಯದ ಮನುಷ್ಯ ಸೆಪ್ಟೆಂಬರನ್ನು ಫೆಬ್ರವರಿ ಅನ್ನುತ್ತಾರೆ. ನಾನಿದ್ದಷ್ಟು ಹೊತ್ತಿನಲ್ಲಿ ನಾಲ್ಕು ತಂಬಿಗೆ ನೀರು ಕುಡಿದರು.

ಬಸ್ಸಿನಲ್ಲಿ ನಾನು ಅಳುತ್ತಾ ನಗುತ್ತಾ ಬಂದೆ. ಕಂಪ್ಲಿ ಹತ್ತಿರ ಬಂದಾಗ ಈಶ್ವರ್, "ಒಂದು ಮಾತು ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ. ನಿಮ್ಮಪ್ಪಾರು ನಿನ್ನ ಕ್ಷಮಿಸಿಲ್ಲ. ನೀನು ಲಗ್ನ ಆಗಿದ್ದೇ ಅವರಿಗೆ ಗೊತ್ತಿಲ್ಲ" ಅಂದರು. ನನಗೂ ಗೊತ್ತಿತ್ತು. ಬೇರೆಯವರ ಬಾಯಿಂದ ಕೇಳಬಾರದಿತ್ತು ಅಷ್ಟೇ.

ಅವರನ್ನು ದೊಡ್ಡ ಡಾಕ್ಟರಿಗೆ ತೋರಿಸಬೇಕು. ಬರುವ ಭಾನುವಾರ ನಾನೇ ಬರುತ್ತೇನೆ, ಮನೆಯಲ್ಲೇ ಊಟ ಮಾಡಿ ಸೋಮವಾರ ಕರೆದುಕೊಂಡು ಹೋಗೋಣ.

ನಿನ್ನ
ಅರ್ಚಿ

*

॥ ಶ್ರೀ ॥

ಹೊಸಪೇಟೆ
28-9-2007

ಚಿ. ಸೌ. ಅರ್ಚಿತಾಳಿಗೆ,

ಆಶೀರ್ವಾದ ಮಾಡುವ ಮುಖವೂ ನನಗಿಲ್ಲ. ನೀನು ಹೇಳಿದ ಭಾನುವಾರ ಬರುವ ಮೊದಲೇ, ಶುಕ್ರವಾರ ಬೆಳಿಗ್ಗೆ ಅವನಿಗೆ ಫಿಟ್ಸ್ ಬಂತು. ನಿಂಗಕ್ಕ ಈಶ್ವರನಿಗೆ ಫೋನ್ ಮಾಡದಿದ್ದರೆ, ಅವನು ಗಿರಣಿಯ ಜೀಪ್ ತಂದು ಗೋಪಿಯನ್ನು ಎರಡೂ ಕೈಯಲ್ಲಿ ಎತ್ತಿ ಬಳ್ಳಾರಿಗೆ ಒಯ್ಯದಿದ್ದರೆ, ಇವತ್ತು ಈ ಕಾಗದ ಬೇರೆಯೇ ಆಗಿರುತ್ತಿತ್ತು. ನೀನು ವಾರ್ಡಿನ ಹೊರಗೆ ನಾಲ್ಕು ದಿನ ಬೆಂಚಿನ ಮೇಲೆ ಕೂತೆ. ಐದನೆಯ ದಿನ ಕೂಸಿಗೆ ಜ್ವರ ಅಂತ ನೀನು ಹೋದ ಮೇಲೆ ಆದದ್ದನ್ನು ಬರೆಯುತ್ತೇನೆ.

ಡಾಕ್ಟರು ನನ್ನನ್ನು ಎದುರಿಗೆ ಕೂಡಿಸಿಕೊಂಡು, ಕಿವಿ ಕೇಳದು ಅಂತ ಕೂಗಿ ಕೂಗಿ ತಿಳಿಸಿ ಹೇಳಿದರು. ಮಿದುಳಿನ ಬುಡದಲ್ಲಿ ಒಂದು ಗ್ರಂಥಿ ಇದೆಯಂತೆ. ಮೈಯಲ್ಲಿ ನೀರು ಕಡಿಮೆಯಾದಾಗ, ನೀರು ಹೊರಗೆ ಬಿಡಬೇಡ ಎಂದು ಮೂತ್ರಪಿಂಡಕ್ಕೆ ಹೇಳಿಕಳಿಸುವ ಹಾರ್ಮೋನು ಅಲ್ಲಿಂದ ಬರುತ್ತದಂತೆ. ಗೋಪಿಯ ಎದೆಯಲ್ಲಿ ಒಂದು ಗಡ್ಡೆ ಇದೆ. ಅದೂ ಅದೇ ಹಾರ್ಮೋನನ್ನು ಹಗಲೂ ರಾತ್ರಿ ಸುರಿಸುತ್ತಿದೆ. ಹೀಗಾಗಿ ಕುಡಿದ ನೀರೆಲ್ಲ ಒಳಗೇ ನಿಂತು ರಕ್ತದಲ್ಲಿನ ಉಪ್ಪು ತೆಳ್ಳಗಾಗಿದೆ, ಮಿದುಳು ಉಬ್ಬಿದೆ. ಅದಕ್ಕೇ ಮರೆವು, ತೂರಾಟ, ಫಿಟ್ಸ್. ಸೋಡಿಯಂ ಅನ್ನುವುದು ನೂರ ಮೂವತ್ತೈದಾದರೂ ಇರಬೇಕು, ಇವನಿಗೆ ನೂರ ಎಂಟಿತ್ತು. ಆ ಗಡ್ಡೆ ಒಳ್ಳೆಯ ಜಾತಿಯದಲ್ಲ. ಯಾಕೆ ಬಂತೆಂದು ಹೇಳಲಾಗದು ಅಂದರು.

ಆಮೇಲೆ ಮನೆಯಲ್ಲಿ ಏನು ಊಟ ಅಂತ ಕೇಳಿದರು. ಹೇಳಿದೆ. ನಲವತ್ತೆಂಟು ದಿನದ ಹರಕೆ, ತಂಬಿಗೆ ತಂಬಿಗೆ ನೀರು, ಎಲ್ಲಾ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. "ಗಡ್ಡಿ ಮೊದಲ ಇತ್ತು ಅಮ್ಮ. ಉಪ್ಪು ಬಿಟ್ಟಿದ್ದು, ನೀರು ಕುಡಿದಿದ್ದು ಅದಕ್ಕ ಕೂಡಿಕೊಂತು" ಅಂದರು. ಅವರು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಸಿಟ್ಟು ಇಳಿಯಲಿ ಅಂತ ಬೇಡಿಕೊಂಡೆ. ಇಳಿಸಿದವಳು ನಾನೇ, ಈ ಕೈಯಿಂದಲೇ, ದಿನಕ್ಕೆರಡು ಸಲ ಬಡಿಸಿ. ತಮ್ಮನ ಬುದ್ಧಿ ಕೆಟ್ಟದ್ದನ್ನು ದೇವರ ಪ್ರಸಾದ ಅಂತ ನಿನಗೆ ಕಾಗದ ಬರೆದೆನಲ್ಲ, ಆ ಕೈ ಮುರಿಯಬಾರದಿತ್ತೇ.

ಈಗ ಉಪ್ಪಿನ ಸಲೈನ್ ಕೊಟ್ಟು ನೂರ ಮೂವತ್ತಕ್ಕೆ ತಂದಿದ್ದಾರೆ. ಎಚ್ಚರಾಗಿದ್ದಾನೆ. ತಾರೀಖು ಕೇಳಿದರೆ ಸರಿ ಹೇಳಿದ. "ನನ್ನ ಯಾರು ಇಲ್ಲಿಗೆ ತಂದರು?" ಅಂದ. ಈಶ್ವರ ಅಂದೆ. ನೀನು ಮನೆಗೆ ಬಂದದ್ದನ್ನೂ ಹೇಳಿದೆ. "ನನಗ ಎಚ್ಚರಿಲ್ಲದಾಗ ಬಂದು ಉಂಡು ಹೋದಳಂದಂಗಾತು. ಇನ್ನ ಬರೂದು ಬ್ಯಾಡ" ಅಂತ ಗೋಡೆಗೆ ಮುಖ ಮಾಡಿದ.

ಸಿಟ್ಟು ತಿರುಗಿ ಬಂದಿದೆ ಅರ್ಚಿ. ಡಾಕ್ಟರು ಅದಕ್ಕೆ ಗುಣ ಅನ್ನುತ್ತಾರೆ.

ಮನೆಗೆ ಕರೆತಂದಿದ್ದೇವೆ. ಸಾರು, ಕಾಫಿ ಎಲ್ಲಾ ಸೇರಿ ದಿನಕ್ಕೆ ನಾಲ್ಕು ಲೋಟಕ್ಕಿಂತ ಹೆಚ್ಚು ನೀರು ಹೋಗಬಾರದು. ಊಟಕ್ಕೆ ಕೈತುಂಬ ಉಪ್ಪು.

ಇತಿ
ಕೃಷ್ಣಾಬಾಯಿ

*

ಕಂಪ್ಲಿ
5-10-2007

ಅತ್ತೆಗೆ ನಮಸ್ಕಾರ.

ಕೂಸು ಹುಷಾರಾಗಿದೆ. ನಿನ್ನ ಕೈಗೆ ಶಾಪ ಹಾಕಿಕೊಳ್ಳುವುದನ್ನು ಬಿಡು. ಆ ಕೈ ನನ್ನನ್ನು ಬೆಳೆಸಿದೆ. ಗಡ್ಡೆಯನ್ನು ನೀನು ಇಟ್ಟದ್ದಲ್ಲ.

ತಪ್ಪಿನ ಪಾಲು ಹಂಚಿಕೊಳ್ಳುವುದಾದರೆ ನನ್ನದನ್ನೂ ಕೇಳು. ಅಪ್ಪ ಫೆಬ್ರವರಿ ಅಂದ ಆ ಭಾನುವಾರವೇ ನನಗೆ ಹೆದರಿಕೆಯಾಗಿತ್ತು. ಆ ಸಂಜೆಯೇ ಆಟೋ ಮಾಡಿ ಆಸ್ಪತ್ರೆಗೆ ಒಯ್ಯಬಹುದಿತ್ತು. ವಿಜ್ಞಾನದ ಟೀಚರು ನಾನು, ನಿನ್ನ ಹಾಗೆ ದೇವರ ಮೇಲೆ ಹಾಕಲೂ ಬರುವುದಿಲ್ಲ. ಆದರೂ ಕಾಗದ ಬರೆದು, ಮುಂದಿನ ಭಾನುವಾರ ಊಟ ಮಾಡಿ ಸೋಮವಾರ ಹೋಗೋಣ ಅಂದೆ. ಯಾಕೆ ಗೊತ್ತಾ? ನನಗೆ ಇನ್ನೊಂದು ಭಾನುವಾರ ಬೇಕಿತ್ತು.

ಇದನ್ನು ಈಶ್ವರ್ ಅವರಿಗೂ ಹೇಳಿಲ್ಲ. ನೀನು ಓದಿ ಹರಿದುಹಾಕು.

ಅರ್ಚಿ

*

॥ ಶ್ರೀ ॥

ಹೊಸಪೇಟೆ
24-11-2007

ಚಿ. ಸೌ. ಅರ್ಚಿತಾಳಿಗೆ ಆಶೀರ್ವಾದಗಳು.

ಬೆಂಗಳೂರಿಗೆ ಹೋಗಿ ಔಷಧಿ ಹಾಕಿಸಿದರೂ ಹೆಚ್ಚೆಂದರೆ ಕೆಲವು ತಿಂಗಳು ಅಂದರು. ಅವನೇ ಒಲ್ಲೆ ಅಂದ. ಹಾಗಾಗಿ ನಾವಿಬ್ಬರೇ ಇದ್ದೇವೆ, ಅವನು ಮತ್ತು ನಾನು, ನಡುವೆ ನಾಲ್ಕು ಲೋಟ ನೀರು.

ಈ ಕೆಲಸ ಶತ್ರುವಿಗೂ ಬೇಡ. ಬಿಸಿಲಲ್ಲಿ ನಿಂತ ಲಾರಿ ಕ್ಲೀನರುಗಳಿಗೆ ಕರೆದು ಕರೆದು ನೀರು ಕೊಟ್ಟವಳು ನಾನು. ನೀರು ಕೇಳಿದವರಿಗೆ ಇಲ್ಲ ಅನ್ನಬಾರದು ಅಂತ ನಮ್ಮಮ್ಮ ಕಲಿಸಿದ್ದಳು. ಈಗ ಒಡಹುಟ್ಟಿದ ತಮ್ಮ, "ಅಕ್ಕ, ಒಂದು ಗುಟುಕು. ನಿನ್ನ ಕಾಲಿಗೆ ಬೀಳ್ತೀನಿ" ಅಂದರೆ ಇಲ್ಲ ಅನ್ನುತ್ತೇನೆ. ಬಚ್ಚಲಿಗೆ ಬೀಗ ಹಾಕಿದ್ದೇನೆ. ಒದ್ದೆ ಟವೆಲ್ಲನ್ನು ಬಾಯಿಗೆ ಹಿಂಡಿಕೊಂಡದ್ದನ್ನು ಕಂಡೆ. ತಾರೀಖು, ಲ್ಯಾಬಿನ ಲೆಕ್ಕ ಎಲ್ಲಾ ತಪ್ಪದೆ ಹೇಳುವ ಮನುಷ್ಯ, ನಾನು ಬಂದದ್ದು ಕಂಡು ಕಳ್ಳನ ಹಾಗೆ ತಲೆ ತಗ್ಗಿಸಿದ.

ಮೊನ್ನೆ ಪಕ್ಕದ ಮನೆಗೆ ತುಳಸಿ ಲಗ್ನಕ್ಕೆ ಹೋಗಿದ್ದೆ. ಅರ್ಧ ತಾಸು, ಬಚ್ಚಲಿನ ಬೀಗ ಹಾಕುವುದು ಮರೆತು. ಬರುವಷ್ಟರಲ್ಲಿ ಹಂಡೆಯಲ್ಲಿ ಚೊಂಬು ಅದ್ದಿ ಅದ್ದಿ ಎಷ್ಟು ಕುಡಿದಿದ್ದನೋ. ಮರುದಿನ ಮಧ್ಯಾಹ್ನ ನನ್ನ ಕಡೆ ನೋಡಿ ನಕ್ಕ. "ಅಕ್ಕ, ಅರ್ಚಿ ಎಲ್ಲಿ?" ಅಂದ.

ಆಗಲೇ ಡಾಕ್ಟರಿಗೆ ತಿಳಿಸಬೇಕಿತ್ತು. ತಿಳಿಸಲಿಲ್ಲ. ಸಂಜೆಯವರೆಗೆ ಅವನ ಎದುರಿಗೆ ಕೂತೆ. ನಿನ್ನ ಬಾಲಲೀಲೆಗಳನ್ನೆಲ್ಲ ಹೇಳಿ ಹೇಳಿ ನಕ್ಕ. ದೀಪ ಹಚ್ಚುವ ಹೊತ್ತಿಗೆ ನನಗೇ ಹೆದರಿಕೆಯಾಗಿ ನಿಂಗಕ್ಕನನ್ನು ಡಾಕ್ಟರ ಹತ್ತಿರ ಓಡಿಸಿದೆ. ಈಗ ಮತ್ತೆ ನೆಟ್ಟಗಾಗಿದ್ದಾನೆ, ಮತ್ತೆ ಬಿಗಿದುಕೊಂಡಿದ್ದಾನೆ.

ಕೇಳುತ್ತೇನೆ, ಸಿಟ್ಟಾಗಬೇಡ. ಅವನು ಹೇಗಿದ್ದರೂ ಹೋಗುವವನೇ. ಬಾಯಿ ಒಣಗಿ, ಮಗಳ ಮೇಲೆ ಹಲ್ಲು ಕಡಿಯುತ್ತಾ ನಾಲ್ಕು ತಿಂಗಳು ಯಾಕಿರಬೇಕು? ಕೇಳಿದಷ್ಟು ನೀರು ಕೊಟ್ಟುಬಿಡುತ್ತೇನೆ. ನೀನು ಬಾ. ನಿನ್ನ ಕೈ ಹಿಡಿದುಕೊಂಡು ನಗುತ್ತಾ ನಾಲ್ಕೇ ದಿನಕ್ಕೆ ಹೋಗಲಿ. ನನಗೆ ತೀರ್ಮಾನ ಮಾಡಲಾಗುವುದಿಲ್ಲ. ಅವನ ಹೊಟ್ಟೆಯಲ್ಲಿ ಹುಟ್ಟಿದವಳು ನೀನು, ನೀನು ಹೇಳಿದಂತೆ ಮಾಡುತ್ತೇನೆ.

ಇತಿ ನಿನ್ನ
ಕೃಷ್ಣಾಬಾಯಿ ಅತ್ತೆ

*

ಕಂಪ್ಲಿ
30-11-2007

ಅತ್ತೆಗೆ,

ನಿನ್ನ ಕಾಗದ ಬಂದು ಮೂರು ದಿನವಾಯಿತು. ಎರಡು ದಿನ 'ಆಗಲಿ, ಬರುತ್ತೇನೆ' ಎಂದು ಬರೆಯಲು ಕೂತೆ. ಒಂದು ಸಲ ಬರೆದು ಲಕೋಟೆಗೂ ಹಾಕಿದೆ. ನಾನು ಅಷ್ಟು ಒಳ್ಳೆಯವಳೇನೂ ಅಲ್ಲ.

ಅದನ್ನು ಹರಿದು ಇದನ್ನು ಬರೆಯುತ್ತಿದ್ದೇನೆ. ನೀರು ಕೊಡಬೇಡ.

ಆವತ್ತು ತುತ್ತು ಕೊಟ್ಟವರು ಕರೆಯುತ್ತಿದ್ದುದು ಹತ್ತೊಂಬತ್ತು ವರ್ಷದ ಒಬ್ಬ ಹುಡುಗಿಯನ್ನು. ಆ ಹುಡುಗಿಗೆ ಗಂಡನಿಲ್ಲ, ತ್ರಿವೇಣಿ ಇಲ್ಲ. ನಾನು ಆ ಮನೆಯೊಳಗೆ ಇರಬೇಕಾದರೆ ಇವರಿಬ್ಬರೂ ಇಲ್ಲದಂತಾಗಬೇಕು. ಅಪ್ಪ ನನ್ನನ್ನು ಬೈದರೆ, ಇದ್ದಂತೆ ಇರುವ ನನ್ನನ್ನೇ ಬೈಯುತ್ತಾರೆ. ಮಗಳಿಲ್ಲ ಅಂದಾಗಲೂ ನನ್ನ ಕಣ್ಣು ನೋಡಿಯೇ ಅಂದರು.

ಒಂದು ಪಾಯಿಂಟಿನ ಸಲುವಾಗಿ ಬಿಸಿಲಲ್ಲಿ ಮೂರು ತಿಂಗಳು ನಿಂತವರ ಬುದ್ಧಿಯನ್ನು ನಾವಿಬ್ಬರು ಹೆಂಗಸರು ಅಡಿಗೆಮನೆಯಲ್ಲಿ ಕೂತು ನೀರಲ್ಲಿ ಕಲಸುವುದೇ? ಅವರ ಕೈಯಲ್ಲಿ ಉಳಿದಿರುವುದು ಅದೊಂದೇ. ಅದನ್ನು ಕದ್ದು ನಾನು ಪ್ರೀತಿ ಮಾಡಿಸಿಕೊಳ್ಳಲಾರೆ. ಅದಿಲ್ಲದೆ ಅವರು ಹೋದರೆ, ಉಳಿದಷ್ಟು ದಿನ ನನಗೆ ಅಪ್ಪ ಇಲ್ಲ. ಈಗ ದೂರದಲ್ಲಾದರೂ ಇದ್ದಾರೆ.

ಬಾಯಾರಿಕೆಗೆ ನಿಂಬೆಹಣ್ಣಿನ ಹೋಳು ಚೀಪಲು ಕೊಡು, ಬಾಯಿ ಮುಕ್ಕಳಿಸಿ ಉಗುಳಿಸು. ಆಗಲೂ ಕಾಲಿಗೆ ಬಿದ್ದರೆ, ಕೊಡಬೇಡ ಅಂದವಳು ಅರ್ಚಿ ಅಂತ ಹೇಳು. ಬೈಗುಳದಲ್ಲಿ ನಿನ್ನ ಪಾಲೂ ನನಗೇ ಬರಲಿ. ನಾನು ಬರುವುದಿಲ್ಲ. ಎಚ್ಚರದಲ್ಲಿ ಅವರೇ ಕರೆಯಬೇಕು. ಕರೆಯದಿದ್ದರೆ ಅದೂ ಅವರ ಇಷ್ಟ.

ಬರೆದುಬಿಟ್ಟೆ. ಇನ್ನು ಡಬ್ಬಕ್ಕೆ ಹಾಕುವವರೆಗೆ ಧೈರ್ಯ ಇದ್ದರೆ ಸಾಕು.

ಅರ್ಚಿ

*

ಹೊಸಪೇಟೆ
5-1-2008

ಶ್ರೀಮತಿ ಅರ್ಚಿತಾ ಈಶ್ವರ್ ಅವರಿಗೆ,

ಇಂದು ಬೆಳಿಗ್ಗೆ ಬಂದ ರಿಪೋರ್ಟಿನ ಪ್ರಕಾರ ನನ್ನ ಸೋಡಿಯಂ 131. ಇಂದು ಶನಿವಾರ. ಈ ಪತ್ರವನ್ನು ನಾನೇ ಪೂರ್ಣ ಎಚ್ಚರದಲ್ಲಿ ಬರೆದದ್ದೆಂದು ತಿಳಿಯುವುದು. ಕೈ ನಡುಗುವುದರಿಂದ ಅಕ್ಷರ ಸರಿಯಿಲ್ಲ.

ನೀರಿಗಾಗಿ ನಿನ್ನೆ ನಾನು ಅಕ್ಕನ ಮೇಲೆ ಕೈ ಎತ್ತಿದೆ. ಅವಳು ಅಳುತ್ತಾ ನಿಮ್ಮ ನವೆಂಬರ್ ತಿಂಗಳ ಪತ್ರ ತಂದು ಕೊಟ್ಟಳು. ಓದಿದೆ. ಅಕ್ಕನ ಪ್ರಶ್ನೆಯೂ ತಿಳಿಯಿತು. ನೀರು ಕೊಡಬೇಡ ಎಂದು ಬರೆದದ್ದು ಸರಿ ಇದೆ. ನಾನಾಗಿದ್ದರೂ ಅದನ್ನೇ ಬರೆಯುತ್ತಿದ್ದೆ.

ನಾನು ಕ್ಷಮಿಸಿಲ್ಲ. ಸೆಪ್ಟೆಂಬರ್ 9ರಂದು ನಡೆದದ್ದು ನನಗೆ ನೆನಪಿಲ್ಲ. ನೆನಪಿಲ್ಲದ್ದಕ್ಕೆ ನಾನು ಸಹಿ ಹಾಕುವುದಿಲ್ಲ.

ಅಕ್ಕ ದಣಿದಿದ್ದಾಳೆ. ಹತ್ತು ದಿನ ಮಂತ್ರಾಲಯಕ್ಕೆ ಹೋಗಿ ಬರಲಿ ಎಂದಿದ್ದೇನೆ. ಆ ದಿನಗಳಲ್ಲಿ ಇಲ್ಲಿ ನೀರು ಅಳೆದು ಕೊಡಲು ಒಬ್ಬರು ಬೇಕು. ಅನುಕೂಲವಿದ್ದಲ್ಲಿ ಬರಬಹುದು. ಮಗುವನ್ನು ಬಿಟ್ಟು ಬರುವ ಅಗತ್ಯವಿಲ್ಲ. ನನ್ನನ್ನು ಎತ್ತಿಕೊಂಡು ಹೋದವರಿಗೆ ವಂದನೆ ತಿಳಿಸುವುದು.

ಗೋಪೀನಾಥ

*

ಹೊಸಪೇಟೆ
18-1-2008

ಅತ್ತೆಗೆ ನಮಸ್ಕಾರ.

ಮಂತ್ರಾಲಯದ ಛತ್ರದ ವಿಳಾಸಕ್ಕೆ ಇದು ಸಿಗುತ್ತದೋ ಇಲ್ಲವೋ, ಸಿಕ್ಕ ಕೂಡಲೇ ಹೊರಟು ಬಾ. ಡಾಕ್ಟರು ಇವತ್ತು ಮನೆಗೆ ಬಂದು ನೋಡಿದರು. ಗಡ್ಡೆ ಈಗ ಎದೆಯಲ್ಲಷ್ಟೇ ಅಲ್ಲ, ಬೇರೆ ಕಡೆಗೂ ಹರಡಿದೆ. ದಿನಗಳ ಲೆಕ್ಕ ಅಂದರು. ಸೋಡಿಯಂ ಕೂಡ ಇಳಿಯತೊಡಗಿದೆ, ಉಪ್ಪು ಕೊಟ್ಟರೂ ಇನ್ನು ಏರುವುದಿಲ್ಲವಂತೆ. ಇವತ್ತಿನಿಂದ ನೀರು ಅಳೆಯಬೇಕಾಗಿಲ್ಲ, ಕೇಳಿದಷ್ಟು ಕೊಡಿ ಅಂತ ಹೇಳಿಹೋದರು. ಈಗ ಅಪ್ಪನಿಗೆ ನೀರು ಕೇಳುವ ಶಕ್ತಿಯೂ ಇಲ್ಲ. ಹತ್ತಿಯನ್ನು ನೀರಲ್ಲಿ ಅದ್ದಿ ತುಟಿಗೆ ಹಚ್ಚುತ್ತಿದ್ದೇನೆ. ನೀನು ಬರುವಷ್ಟರಲ್ಲಿ ನಿನ್ನ ಗುರುತು ಹಿಡಿಯದೆಯೂ ಇರಬಹುದು. ಗಟ್ಟಿ ಮನಸ್ಸು ಮಾಡಿಕೊಂಡು ಬಾ.

ಈ ಎಂಟು ದಿನ ಹೇಗಿದ್ದೆವು ಅಂತ ನಿನಗೆ ತಿಳಿಯಬೇಕು. ಮಾತು ಬಹಳ ಕಡಿಮೆ. ನನ್ನನ್ನು ಹೆಸರು ಹಿಡಿದು ಕರೆಯಲೇ ಇಲ್ಲ. "ಔಷಧ ಆತೇನ್ರಿ", "ಕಿಡಿಕಿ ಹಾಕ್ರಿ", ಎಲ್ಲಾ ಬಹುವಚನ. ತ್ರಿವೇಣಿ ಮಂಚ ಹಿಡಿದು ನಿಂತರೆ ನೋಡುತ್ತಿದ್ದರು, ಮುಟ್ಟುತ್ತಿರಲಿಲ್ಲ. ನಾನು ಲೋಟದಲ್ಲಿ ನೀರು ಅಳೆಯುವಾಗ ಮಾತ್ರ ಕಣ್ಣು ನನ್ನ ಕೈಯ ಮೇಲೆಯೇ. ಬಾಯಾರಿಕೆಗೆ ನಾಲಿಗೆ ಸೀಳಿತ್ತು. ನನ್ನನ್ನು ಬೈದರು ಅತ್ತೆ, ಬಾಯಿಗೆ ಬಂದಂತೆ ಬೈದರು. ನಾನು ಅಳೆದು ಕೊಟ್ಟೆ, ಅಡಿಗೆಮನೆಗೆ ಬಂದು ಕಣ್ಣು ಒರೆಸಿಕೊಂಡೆ, ಮತ್ತೆ ಹೋದೆ.

ಮೊನ್ನೆ ಬುಧವಾರ ಲ್ಯಾಬಿನ ತಾಯಪ್ಪ ಸಂಡೂರಿನಿಂದ ನೋಡಲು ಬಂದಿದ್ದ. ಅಪ್ಪನ ಕೈಕೆಳಗೆ ಇಪ್ಪತ್ತು ವರ್ಷ ಅದಿರು ಕುಟ್ಟಿ ಸ್ಯಾಂಪಲ್ ಮಾಡಿಕೊಟ್ಟವನು. ಎರಡು ಎಳನೀರು ತಂದಿದ್ದ. ಕೊಚ್ಚಿ ಅಪ್ಪನ ಬಾಯಿಯ ಹತ್ತಿರ ಹಿಡಿದ. ಅಪ್ಪ ಎರಡೂ ಕೈ ಚಾಚಿದರು. ನಾನು ಅದನ್ನು ಕಸಿದುಕೊಂಡೆ. ಆ ದಿನದ ನಾಲ್ಕು ಲೋಟ ಆಗಿಹೋಗಿತ್ತು. "ಕೊಡು ಅಂದ್ರ ಕೊಡು, ರಾಕ್ಷಸಿ" ಅಂತ ಅಪ್ಪ ಕೂಗಿದರು. ಪಾಪ, ತಾಯಪ್ಪನ ಕಣ್ಣಲ್ಲಿ ನೀರು. "ಒಂದೀಟು ಕೊಡ್ರಿ ಸಿಸ್ಟರ್. ಸಾಹೇಬ್ರು ಅಷ್ಟು ಕೇಳಾಕತ್ಯಾರ. ನಿಮಗೂ ತಂದಿ ಇರ್ತಾರಲ್ರಿ" ಅಂದ. ಬಿಳಿ ಸೀರೆ ಉಟ್ಟಿದ್ದೆ, ನನ್ನನ್ನು ಆಸ್ಪತ್ರೆಯ ನರ್ಸ್ ಅಂದುಕೊಂಡಿದ್ದ.

ಎಳನೀರು ಹಿಡಿದುಕೊಂಡು ನಿಂತೇ ಇದ್ದೆ. ಅಪ್ಪ ಏದುಸಿರು ಬಿಡುತ್ತಾ ದಿಂಬಿಗೆ ಒರಗಿದರು. ತಾಯಪ್ಪನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ನರ್ಸಲ್ಲೋ ತಾಯಪ್ಪ" ಅಂದರು. "ನನ್ನ ಮಗಳು. ಅಕಿ ಅಳತಿ ತಪ್ಪೂದಿಲ್ಲ. ಬ್ಯಾಡ ಅಂದ್ರ ಬ್ಯಾಡ."

ನಾನು ಎಳನೀರನ್ನು ಒಳಗೆ ಒಯ್ದು ಇಟ್ಟೆ. ಔಷಧಿಯ ಡಬ್ಬಿಯಲ್ಲಿದ್ದ ಅಂದು ಬೆಳಗಿನ ರಿಪೋರ್ಟನ್ನು ತೆಗೆದೆ. ಅಕ್ಷರ ಕಾಣಲಿಲ್ಲ. ಕಣ್ಣು ಒರೆಸಿಕೊಂಡು ಇನ್ನೊಂದು ಸಲ ನೋಡಿದೆ. ಸೋಡಿಯಂ ನೂರ ಮೂವತ್ತು ಇತ್ತು ಅತ್ತೆ.

ನಿನ್ನ
ಅರ್ಚಿ